ಜೈಂಟ್ ವೀಲ್ ಕೆಳಗೆ

ಇವತ್ತು ಮಧ್ಯಾಹ್ನ ಕಿಟಕಿಯಿಂದ ಟೈರು ಸುಟ್ಟ ವಾಸನೆ ಬಂತು. ನಾನು ಕಿಟಕಿ ಮುಚ್ಚುವುದು ಬಿಟ್ಟು, ಗೋಡೆಯ ಮೇಲೆ ವಾಲಿದ್ದ ಚಿತ್ರವನ್ನು ನೆಟ್ಟಗೆ ಮಾಡಿದೆ. ಭಯವಾದಾಗ ಒಬ್ಬೊಬ್ಬರದು ಒಂದೊಂದು ಚಾಳಿ. ಕೆಲವರು ದೇವರ ನಾಮ ಹೇಳುತ್ತಾರೆ, ನಾನು ಚಿತ್ರ ಸರಿಮಾಡುತ್ತೇನೆ. ನಾವಿರುವ ಈ ಪರದೇಶದ ಊರಲ್ಲಿ ಪ್ರತಿಭಟನೆ. ಮಗಳು ಮೇಘಳ ಆಫೀಸಿರುವುದು ಊರಿನ ಇನ್ನೊಂದು ತುದಿಯ ವೆಸ್ಟ್‌ಲ್ಯಾಂಡ್ಸ್‌ನಲ್ಲಿ. ಆಫೀಸು ಮುಚ್ಚುತ್ತಿದ್ದಾರೆ, ಹೊರಟಿದ್ದೇನೆ, ಬ್ಯಾಟರಿ ಮುಗಿಯುತ್ತಿದೆ ಎಂದು ಇಂಗ್ಲಿಷಿನಲ್ಲಿ ಒಂದು ಮೆಸೇಜು ಹಾಕಿದವಳ ಫೋನು ಆಮೇಲೆ ಹತ್ತಲೇ ಇಲ್ಲ.

ಆ ಚಿತ್ರದ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ಸೌತ್ ಸಿ ಬಡಾವಣೆಯ ಈ ಮನೆಗೆ ನಾವು ಬಂದ ಹೊಸತರಲ್ಲಿ, ಪಕ್ಕದ ಮನೆಯವರು ದೇಶ ಬಿಟ್ಟು ಹೋಗುವಾಗ ಸಾಮಾನು ಮಾರಿದರು. ನಾನು ಕುಕ್ಕರು ಕೊಳ್ಳಲು ಹೋದವಳು ಈ ಚಿತ್ರ ಹೊತ್ತುಕೊಂಡು ಬಂದೆ. ನಮ್ಮ ಅಮ್ಮಂದಿರ ಕಾಲದಲ್ಲಿ ಯಾರೋ ಅಮೆರಿಕದವನು ಬರೆದ ಚಿತ್ರದ ಅಚ್ಚುಪ್ರತಿ. ಸಮುದ್ರದ ದಂಡೆಯಲ್ಲಿ ಆಟದ ಸಂತೆ, ಬಣ್ಣದ ಡೇರೆಗಳು, ದೀಪದ ಸಾಲು, ನಡುವೆ ಜೈಂಟ್ ವೀಲು, ಕಾಲಿಡಲು ಜಾಗವಿಲ್ಲದಷ್ಟು ಜನ. ಚಕ್ರದ ಕೆಳಗೆ ಹಳದಿ ಫ್ರಾಕಿನ ಹುಡುಗಿಯೊಬ್ಬಳು ಒಂಟಿಯಾಗಿ ನಿಂತಿದ್ದಾಳೆ.

ಅವಳನ್ನು ಕಂಡುಹಿಡಿದವರು ನಮ್ಮಮ್ಮ. ಮೈಸೂರಿನಿಂದ ಅವರು ಇಲ್ಲಿಗೆ ಬಂದದ್ದು ಒಂದೇ ಸಲ. ಕನ್ನಡಕ ಏರಿಸಿಕೊಂಡು ಚಿತ್ರದ ಮುಂದೆ ನಿಂತು, "ಅಷ್ಟು ದೊಡ್ಡ ಸಮುದ್ರ ಇಟ್ಕೊಂಡು ಒಬ್ರೂ ಆ ಕಡೆ ನೋಡ್ತಿಲ್ವಲ್ಲೇ!" ಎಂದರು. ಆಮೇಲೆ ಆಗ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ ಮೇಘಳನ್ನು ಹತ್ತಿರ ಕರೆದರು. "ನೋಡು, ಈ ಮಗು ಕಳೆದುಹೋಗಿದೆ. ಆದ್ರೆ ಜಾಣೆ. ವೀಲ್ ಕೆಳಗೇ ನಿಂತಿದಾಳೆ."

ಅದು ನಮ್ಮ ಮನೆಯ ಕಾನೂನು. ದಸರಾ ವಸ್ತುಪ್ರದರ್ಶನಕ್ಕೆ ಹೊರಡುವ ಮುಂಚೆ ಅಮ್ಮ ನಮ್ಮೆಲ್ಲರಿಂದ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದರು: ಕಳೆದುಹೋದರೆ ಹುಡುಕುತ್ತಾ ಅಲೆಯಬಾರದು, ಯಾರು ಕರೆದರೂ ಹೋಗಬಾರದು, ಜೈಂಟ್ ವೀಲ್ ಕೆಳಗೆ ನಿಲ್ಲಬೇಕು. ಹುಡುಕುವವರೂ ಅಲ್ಲಿಗೇ ಬರಬೇಕು. ಕಳೆದುಹೋಗಲೆಂದೇ ಹೋಗುತ್ತಿದ್ದೇವೇನೋ ಎಂದು ನಾವು ನಗುತ್ತಿದ್ದೆವು.

ಅಮ್ಮ ಇಲ್ಲಿಗೆ ಬಂದಿದ್ದ ಅದೇ ವಾರ ನಾನು, ಅಮ್ಮ, ಮೇಘ ಮೂವರೂ ವೆಸ್ಟ್‌ಲ್ಯಾಂಡ್ಸ್‌ಗೆ ಚಪ್ಪಲಿ ಕೊಳ್ಳಲು ಹೋಗಿದ್ದೆವು. ಇದ್ದಕ್ಕಿದ್ದಂತೆ ಪ್ರತಿಭಟನೆಯ ಜನ ನುಗ್ಗಿ ಬಂದರು. ಹಿಂದೆಯೇ ಅಶ್ರುವಾಯು. ಅಂಗಡಿಗಳ ಷಟರು ದಡದಡ ಇಳಿದವು. ಹೊಗೆಯಲ್ಲಿ ಕೆಮ್ಮಿ ಕಣ್ಣುಜ್ಜಿಕೊಂಡು ನೋಡಿದರೆ ಒಂದು ಕೈಯಲ್ಲಿ ಮೇಘ ಇದ್ದಾಳೆ, ಇನ್ನೊಂದು ಕೈ ಖಾಲಿ. ಅಮ್ಮ ಇಲ್ಲ. ಅವರ ಹತ್ತಿರ ಫೋನಿಲ್ಲ, ಕನ್ನಡ ಬಿಟ್ಟು ಬೇರೆ ಮಾತಿಲ್ಲ.

ನಾನು ಹುಚ್ಚಿಯ ಹಾಗೆ ಷಟರು ಷಟರು ಬಡಿದು ಕೇಳಿದೆ. ಮೇಘ ನನ್ನ ದುಪಟ್ಟಾ ಎಳೆಯುತ್ತಿದ್ದಳು. "ಅಮ್ಮಾ, ದ ವೀಲ್! ಅಜ್ಜಿ ಸೆಡ್ ದ ವೀಲ್!"

"ಇಲ್ಲೆಲ್ಲಿಂದ ತರ್ಲೇ ವೀಲು!" ಎಂದು ಗದರಿದೆ. ಗದರಿದ ಮೇಲೆ ತಲೆಯೆತ್ತಿ ನೋಡಿದೆ. ಕಟ್ಟಡಗಳೆಲ್ಲ ಒಂದೇ ಥರ. ಎಲ್ಲಿಂದ ನೋಡಿದರೂ ಕಣ್ಣಿಗೆ ಬೀಳುವುದೆಂದರೆ ರಸ್ತೆ ಕೂಡುವಲ್ಲಿದ್ದ ಸೋಪಿನ ಜಾಹೀರಾತಿನ ದೊಡ್ಡ ಹೋರ್ಡಿಂಗು.

ಅದರ ಕಂಬಕ್ಕೆ ಬೆನ್ನು ಕೊಟ್ಟು, ಸೆರಗನ್ನು ಮೂಗಿಗೆ ಒತ್ತಿಕೊಂಡು ಅಮ್ಮ ನಿಂತಿದ್ದರು. ಅಂಗಡಿಯ ಕಾವಲುಗಾರನೊಬ್ಬ "ಮಾಮಾ, ಕರಿಬು, ಕರಿಬು" ಎಂದು, ಅಮ್ಮಾ ಬನ್ನಿ ಬನ್ನಿ ಎಂದು ಇಲ್ಲಿನ ಭಾಷೆಯಲ್ಲಿ, ಒಳಗೆ ಕರೆದು ಗೋಗರೆಯುತ್ತಿದ್ದ. ಅಮ್ಮ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ನನ್ನನ್ನು ಕಂಡದ್ದೇ, ನೀರು ಸುರಿಯುವ ಕೆಂಡದಂಥ ಕಣ್ಣು ಬಿಟ್ಟು, "ಎಷ್ಟು ಹೊತ್ತೇ ಬರೋದು? ಗೊತ್ತಿದ್ದೂ ಅಲ್ಲಿ ಇಲ್ಲಿ ಅಲೀತೀಯಲ್ಲ!" ಎಂದು ನಡುಬೀದಿಯಲ್ಲಿ ಬೈದರು. ಆ ಕಾನೂನಿನಲ್ಲೇ ಬೆಳೆದ ನಾನು ಮರೆತಿದ್ದೆ, ಒಂದೇ ಸಲ ಕೇಳಿದ ಮಗು ಮರೆತಿರಲಿಲ್ಲ.

ಅಮ್ಮ ಈಗಿಲ್ಲ. ಹೋಗಿ ಮೂರು ವರ್ಷವಾಯಿತು.

ಇವತ್ತು ಫ್ಯಾಕ್ಟರಿಯಿಂದ ಯಜಮಾನರು ಫೋನು ಮಾಡಿ, "ಎಲ್ಲೂ ಹೊರಡ್ಬೇಡ, ಅವಳೇ ಬರ್ತಾಳೆ" ಎಂದರು. ಹೂಂ ಎಂದು ಕಾರಿನ ಕೀಲಿ ತೆಗೆದುಕೊಂಡೆ. ಮುಖ್ಯರಸ್ತೆಗಳಿಗೆ ಕಲ್ಲು ಅಡ್ಡ ಇಟ್ಟಿದ್ದರು. ಒಳದಾರಿಗಳಲ್ಲಿ ಮಟಾಟು ವ್ಯಾನುಗಳು ಎದುರುಬದುರಾಗಿ ಸಿಕ್ಕಿಕೊಂಡಿದ್ದವು. ಮೇಘಳಿಗೆ ಆ ಹೋರ್ಡಿಂಗು ನೆನಪಿದೆಯೋ ಇಲ್ಲವೋ, ಸ್ನೇಹಿತರ ಜೊತೆ ಇನ್ನೆಲ್ಲೋ ಹೋಗಿದ್ದರೆ ಏನು ಗತಿ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೆ. ಹೋರ್ಡಿಂಗನ್ನು ಕಿತ್ತುಹಾಕಿದ್ದರೆ ಎಂದು ಬೇರೆ ಹೆದರಿದೆ.

ಹೋರ್ಡಿಂಗು ಇತ್ತು. ಸೋಪು ಹೋಗಿ ಮೊಬೈಲು ಬಂದಿತ್ತು. ಕಂಬಕ್ಕೆ ಬೆನ್ನು ಕೊಟ್ಟು, ಸ್ಕಾರ್ಫನ್ನು ಮೂಗಿಗೆ ಒತ್ತಿಕೊಂಡು ಮೇಘ ನಿಂತಿದ್ದಳು. ಆಫೀಸಿನವರು ಕಾರು ನಿಲ್ಲಿಸಿ ಕರೆದರೂ ಹೋಗಲಿಲ್ಲವಂತೆ. ಬಾಗಿಲು ತೆಗೆದು ಕೂತವಳು ಕೆಂಪು ಕಣ್ಣಿನಲ್ಲಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ.

"ಎಷ್ಟು ಹೊತ್ತಮ್ಮಾ ಬರೋದು?" ಎಂದಳು.

ನಾನು ತಲೆತಗ್ಗಿಸಿ ಬೈಸಿಕೊಂಡೆ. ಅಮ್ಮ ಹೋದಮೇಲೆ ನನ್ನನ್ನು ಹಾಗೆ ಬೈಯುವವರು ಯಾರೂ ಇರಲಿಲ್ಲ.