ಬೆನ್ನ ಹಿಂದೆ ಯಾರೂ ಇರಬಾರದು

ಬಂದರಿನ ಶೋಕಸಭೆಯಲ್ಲಿ ದೊಡ್ಡವರೆಲ್ಲ ಒಬ್ಬರಾದ ಮೇಲೊಬ್ಬರು ಎದ್ದು ಹದ್ದಿನ ಧೈರ್ಯವನ್ನು ಕೊಂಡಾಡಿದರು. ಹದ್ದು ಅನ್ನುವುದು ಅವನ ಅಡ್ಡಹೆಸರು. ನಲವತ್ತು ಮೀಟರ್ ಎತ್ತರದ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತು ಇಪ್ಪತ್ತಾರು ವರ್ಷ ಹಡಗಿನ ಪೆಟ್ಟಿಗೆಗಳನ್ನು ಎತ್ತಿ ಇಳಿಸಿದವನು. ಎತ್ತರಕ್ಕೆ ಅಂಜದ ಗಂಡು ಎಂದರು. ಅವನು ಅಂಜುತ್ತಿದ್ದ. ಮೊದಲ ವರ್ಷವಿಡೀ ಏಣಿ ಹತ್ತುವಾಗ ಒಮ್ಮೆಯೂ ಕೆಳಗೆ ನೋಡಲಿಲ್ಲ. ಆದರೂ ಹತ್ತಿದ. ಮೇಲೆ ಒಂದು ಖಾಲಿ ಬಾಟಲಿ ಇತ್ತು, ಆಸುಪಾಸಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಷ್ಟು ಸಣ್ಣ ಕಾರಣ ಶೋಕಸಭೆಯ ಬಾಯಿಗೆ ಹಿಡಿಸುವಂಥದ್ದಲ್ಲ.

ಹತ್ತನೇ ವಯಸ್ಸಿನಿಂದಲೂ ಅಷ್ಟೇ. ಹಿಂದೆ ಯಾರಾದರೂ ನಿಂತರೆ, ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ, ಅವನ ಮೂತ್ರ ಕಟ್ಟಿಕೊಳ್ಳುತ್ತಿತ್ತು. ಹೊಟ್ಟೆ ಕಲ್ಲಾದರೂ ಒಂದು ಹನಿ ಇಳಿಯುತ್ತಿರಲಿಲ್ಲ. ಹಾಗಾಗಿ ಹೊರಗೆ ಹೋಗುವ ದಿನ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಸಿನಿಮಾಕ್ಕೆ ಹೋಗಲಿಲ್ಲ, ದೂರದ ಬಸ್ಸು ಹತ್ತಲಿಲ್ಲ. ಮದುವೆಯನ್ನೂ ಮಾಡಿಕೊಳ್ಳದೆ ಅಕ್ಕ-ಭಾವನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಬಿಟ್ಟ.

ಹೀಗಿರುವಾಗ ಬಂದರಿಗೆ ಹೊಸ ಸುರಕ್ಷತಾ ಅಧಿಕಾರಿ ಬಂದರು. ಎಲ್ಲೋ ಮೂರು ದಿನದ ತರಬೇತಿ ಮುಗಿಸಿ, ಜ್ಞಾನವನ್ನೆಲ್ಲ ಒಂದು ನೀಲಿ ಫೈಲಿನಲ್ಲಿ ಹೊತ್ತು ತಂದಿದ್ದರು. ಕುಡಿದು ಕ್ರೇನ್ ಓಡಿಸುವವರನ್ನು ಹಿಡಿಯಲು ಮೂತ್ರ ಪರೀಕ್ಷೆ. ಮೋಸವಾಗದಂತೆ ಬಾಗಿಲು ತೆರೆದಿರಬೇಕು, ಹಿಂದೆ ಅಧಿಕಾರಿ ನಿಂತಿರಬೇಕು. ಹೆಂಡದ ವಾಸನೆಗೇ ಮುಖ ತಿರುಗಿಸುವ ಹದ್ದು ಒಂದು ಕೊಡ ನೀರು ಕುಡಿದು ಮೂರು ಗಂಟೆ ಗೋಡೆ ನೋಡಿದ. ಲೋಟ ಒಣಗಿಯೇ ಇತ್ತು. ‘ಮಾದರಿ ಕೊಡಲು ನಿರಾಕರಿಸಿದ್ದಾರೆ’ ಎಂದು ಬರೆದ ಅಧಿಕಾರಿ ನಲವತ್ತು ದಿನದ ಗಡುವು ಕೊಟ್ಟರು. ಎರಡನೇ ಸಲವೂ ಆಗದಿದ್ದರೆ ಕ್ರೇನಿನಿಂದ ಕೆಳಗೆ, ಹಗ್ಗ ಕಟ್ಟುವ ಕೆಲಸಕ್ಕೆ.

ಡಾಕ್ಟರು ತಲೆಯೆತ್ತದೆ, "ನೀರು ಚೆನ್ನಾಗಿ ಕುಡೀರಿ, ಟೆನ್ಷನ್ ಮಾಡ್ಕೋಬೇಡಿ" ಎಂದರು. ಏಳು ವರ್ಷ ಓದಿ ಕಲಿತದ್ದು ಅದು. ಭಾವನಂತೂ ಊಟದ ನಡುವೆ, "ಏನಯ್ಯಾ, ಪ್ಲಂಬರ್ ಕರೆಸ್ಲಾ?" ಎಂದ. ಅಕ್ಕ ನಗು ತಡೆಯಲು ನೋಡಿದಳು, ಆಗಲಿಲ್ಲ. ಹದ್ದು ಅನ್ನ ಬಿಟ್ಟು ಎದ್ದ.

ಇಂಥವರದ್ದೇ ಒಂದು ಸಂಘ ಇದೆಯೆಂದು ಫೋನಿನಲ್ಲಿ ಹುಡುಕುವಾಗ ಗೊತ್ತಾಯಿತು. ಒಂದು ಕಟಿಂಗ್ ಶಾಪಿನ ಮಹಡಿಯ ಮೇಲೆ, ಭಾನುವಾರ ಬೆಳಿಗ್ಗೆ. ಒಂದಿಷ್ಟು ನಕ್ಕು ಬರೋಣ ಎಂದೇ ಹೋದ. ಅಂಗಡಿಯ ಕ್ಷೌರಿಕ, ಒಬ್ಬ ಗಣಿತದ ಮೇಷ್ಟ್ರು, ಒಬ್ಬರು ನಿವೃತ್ತ ನ್ಯಾಯಾಧೀಶರು. ಅಷ್ಟೇ ಸಂಘ.

"ಬಾಗಿಲು ಹಾಕಿದ್ರೆ ಆಗತ್ತಾ, ಇಲ್ಲಾ ಮನೇಲೇ ಯಾರೂ ಇರಬಾರ್ದಾ?" ಕ್ಷೌರಿಕ ಕೇಳಿದ.

ಚುಚ್ಚು ಮಾತೊಂದನ್ನು ಸಿದ್ಧ ಮಾಡಿಕೊಂಡು ಬಂದಿದ್ದ ಹದ್ದಿಗೆ ಅದು ಮರೆತೇಹೋಯಿತು. "ಅಕ್ಕ ಇದ್ರೆ ನಲ್ಲಿ ಬಿಟ್ಕೋತೀನಿ."

"ನಾನೂ ಅಷ್ಟೆ" ಎಂದರು ನ್ಯಾಯಾಧೀಶರು. "ನೀರು ದಂಡ ಮಾಡ್ತಾನೆ ಮುದುಕ ಅಂತ ನಮ್ಮ ಬೀದಿಯೋರು ನನ್ನ ಮೇಲೇ ಅರ್ಜಿ ಕೊಟ್ಟಿದ್ರು."

ಅಭ್ಯಾಸದ ಕ್ರಮ ಹೀಗೆ. ಒಬ್ಬ ಒಂದು ಹೂಜಿ ನೀರು ಕುಡಿದು ಮಹಡಿಯ ಪಾಯಿಖಾನೆಗೆ ಹೋಗುವುದು, ಜೊತೆಗಾರ ಬೀದಿಯಲ್ಲಿ ನಿಲ್ಲುವುದು. ಕೆಲಸವಾದರೆ ಮುಂದಿನ ಸರದಿಗೆ ಜೊತೆಗಾರ ಒಂದು ಮೆಟ್ಟಿಲು ಮೇಲೆ ಬರುವುದು. ಒಟ್ಟು ಹದಿನೇಳು ಮೆಟ್ಟಿಲು. ಐದು ಭಾನುವಾರ ಕಳೆದಾಗ ಕ್ಷೌರಿಕ ಒಂಬತ್ತನೆಯದರ ಮೇಲೆ ನಿಂತಿದ್ದ.

"ಮಹಾ ಸಾಧನೆ" ಎಂದ ಹದ್ದು. "ನೀನು ನನ್ನ ಬೆನ್ನ ಹಿಂದೆ ಬಂದು ನಿಲ್ಲೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ."

"ಆಗ್ಲಿ ಬಿಡು. ಅಷ್ಟೊತ್ತಿಗೆ ನಿನ್ ತಲೇಲಿ ಕೂದ್ಲೂ ಇರಲ್ಲ, ನಂಗೂ ಪುರಸೊತ್ತು."

ಗಡುವಿನ ದಿನ ಬಂತು. ಬೇಡವೆಂದರೂ ಮೂವರೂ ಅವನ ಜೊತೆ ಬಂದರಿನ ಕಚೇರಿಗೆ ಬಂದರು.

"ಯಾರಿವರು?" ಅಧಿಕಾರಿ ಕೇಳಿದರು.

"ಇವನಿಗಿರೋದೇ ನಮಗೂ ಇದೆ ಸಾರ್" ಎಂದರು ಮೇಷ್ಟ್ರು. "ಹಿಂದೆ ಯಾರಾದ್ರೂ ನಿಂತ್ರೆ ಬರಲ್ಲ. ಇದು ಹಟ ಅಲ್ಲ. ನಂಬಿಕೆ ಇಲ್ದಿದ್ರೆ ನಾಲ್ಕು ಲೋಟ ಕೊಡಿ, ನೀವೇ ನಿಂತು ನೋಡಿ."

ಮೂಲೆಯಲ್ಲಿ ಟೈಪು ಮಾಡುತ್ತಿದ್ದ ಗುಮಾಸ್ತ ಕಿಸಕ್ಕೆಂದ. ಅವನು ಮೇಷ್ಟ್ರ ಹಳೆಯ ವಿದ್ಯಾರ್ಥಿ. ಮೇಷ್ಟ್ರ ಕಿವಿ ಕೆಂಪಾಯಿತು. ಆದರೆ ನಿಂತಲ್ಲಿಂದ ಕದಲಲಿಲ್ಲ.

ನಾಟಕ ಬಯಲು ಮಾಡುವ ಉತ್ಸಾಹದಲ್ಲಿ ಅಧಿಕಾರಿ ನಿಂತೇಬಿಟ್ಟರು. ಕಚೇರಿಯ ಪಾಯಿಖಾನೆಯಲ್ಲಿ ನಾಲ್ವರು ಗೋಡೆಗೆ ಮುಖ ಮಾಡಿ, ಕೈಯಲ್ಲಿ ಲೋಟ ಹಿಡಿದು, ಎರಡು ಗಂಟೆ. ನ್ಯಾಯಾಧೀಶರ ಪಾದ ಬಾತುಕೊಂಡಿತು. ಹನಿ ಬೀಳಲಿಲ್ಲ. ಅಷ್ಟರಲ್ಲಿ ಮೂರು ಚಹಾ ಕುಡಿದಿದ್ದ ಅಧಿಕಾರಿಗೇ ಅವಸರವಾಯಿತು. ಅವರೂ ಗೋಡೆಯ ಕಡೆ ತಿರುಗಿದರು. ಇವರು ನಾಲ್ವರೂ ಹಿಂದೆ ಸರಿದು ಅವರ ಬೆನ್ನಿಗೆ ನಿಂತರು.

"ಹೊರಗೆ ಹೋಗ್ರಿ" ಎಂದರು ಅಧಿಕಾರಿ.

"ನಿಯಮ ಹಾಗಿಲ್ವಲ್ಲ ಸಾರ್" ಎಂದರು ನ್ಯಾಯಾಧೀಶರು ಮೆತ್ತಗೆ. "ನೀವು ನಿಧಾನವಾಗಿ ಮುಗಿಸ್ಕೊಳ್ಳಿ."

ಒಂದು ನಿಮಿಷ, ಎರಡು ನಿಮಿಷ. ಅಧಿಕಾರಿ ಪ್ಯಾಂಟು ಸರಿಮಾಡಿಕೊಂಡು ಬೇರೆ ಮಹಡಿಗೆ ನಡೆದರು. ಮೂತ್ರ ಕೊಡಲಾಗದವರು ರಕ್ತ ಕೊಡಬಹುದೆಂಬ ಆದೇಶ ಮಧ್ಯಾಹ್ನದ ಹೊತ್ತಿಗೆ ಬಂತು. ಮನುಷ್ಯರ ಮೈಯಲ್ಲಿ ರಕ್ತವೂ ಇರುತ್ತದೆಂದು ಆ ಕಚೇರಿ ಕಂಡುಹಿಡಿದದ್ದು ಅಂದು. ಮರುದಿನ ಹದ್ದು ತನ್ನ ಗೂಡಿಗೆ ಹತ್ತಿದ.

ಸುದ್ದಿ ಗುಮಾಸ್ತನ ಬಾಯಿಂದ ಶಾಲೆಗೂ ಮುಟ್ಟಿತು. ಸೋಮವಾರ ಮೇಷ್ಟ್ರ ಕಪ್ಪು ಹಲಗೆಯ ಮೇಲೆ ಯಾರೋ ದೊಡ್ಡದೊಂದು ನಲ್ಲಿ ಬರೆದಿದ್ದರು. ಅವರು ಅದನ್ನು ಒರೆಸಿ ಭಿನ್ನರಾಶಿ ಹೇಳಿಕೊಟ್ಟರಂತೆ.

ಮುಂದಿನ ಭಾನುವಾರ ಹದ್ದಿನ ಬಾಯಲ್ಲಿ ಕುಹಕ ಬರಲಿಲ್ಲ. "ನಿಮಗ್ಯಾಕೆ ಬೇಕಿತ್ತು ಮೇಷ್ಟ್ರೇ ಈ ಉಸಾಬರಿ?"

"ಅಲ್ಲಯ್ಯಾ, ಕ್ರೇನಿಂದ ಇಳಿಸಿಬಿಟ್ಟಿದ್ರೆ ನೀನು ಒಂದಕ್ಕೆ ಎಲ್ಲಿ ಹೋಗ್ತಿದ್ದೆ?"

ಈ ಪ್ರಶ್ನೆಯನ್ನು ಅಕ್ಕ ಕೇಳಿರಲಿಲ್ಲ, ಡಾಕ್ಟರು ಕೇಳಿರಲಿಲ್ಲ, ಬಂದರಿನ ಇಡೀ ಕಚೇರಿ ಕೇಳಿರಲಿಲ್ಲ. ಹದ್ದು ಮೇಷ್ಟ್ರ ಲೋಟಕ್ಕೆ ನೀರು ಬಗ್ಗಿಸಿದ. ಆಮೇಲೆ ಅವರಿಗೆ ಜೊತೆಗಾರನಾಗಿ ನಿಲ್ಲಲು ಬೀದಿಗೆ ಇಳಿದ.