ಎದುರು ಮನೆಯ ಅಕ್ಕ, ಜಗುಲಿಯ ಬೈಕು

ನಮ್ಮ ಕೆಳಗಿನ ಮನೆಗೆ ಹೊಸದಾಗಿ ಬಂದಿರುವ ಬ್ಯಾಂಕಿನವರು ಮೊನ್ನೆ ಭಾನುವಾರ ಗೇಟಿನ ಪಕ್ಕ ಕೂತು ಬೈಕಿನ ಚೈನು ತೊಳೆಯುತ್ತಿದ್ದರು. ಸವೆದ ಹಲ್ಲುಜ್ಜುವ ಬ್ರಷ್ಷು, ತಗಡಿನ ಡಬ್ಬಿಯಲ್ಲಿ ಸೀಮೆಎಣ್ಣೆ. ಈ ಕಾಲದಲ್ಲಿ ಸೀಮೆಎಣ್ಣೆ ಅವರಿಗೆ ಎಲ್ಲಿ ಸಿಕ್ಕಿತೋ ದೇವರಿಗೇ ಗೊತ್ತು. ಆ ವಾಸನೆ ಮೆಟ್ಟಿಲು ಹತ್ತಿಕೊಂಡು ನಮ್ಮ ಅಡುಗೆಮನೆಗೆ ಬಂತು. ದೋಸೆ ತಿರುವಿ ಹಾಕುವುದನ್ನು ಮರೆತು ನಿಂತುಬಿಟ್ಟೆ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಈ ಮನೆಯಿಂದ ಹದಿನಾಲ್ಕು ವರ್ಷ ಹಿಂದಕ್ಕೆ, ನಿಟ್ಟುವಳ್ಳಿಯ ಒಂದು ಓಣಿಗೆ ಹೋಗಿದ್ದೆ. ದೋಸೆ ಕರಕಲಾಯಿತು.

ಆಗ ನನಗೆ ವಿದ್ಯಾನಗರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ. ನಿಟ್ಟುವಳ್ಳಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಓಡಾಟಕ್ಕೆ ಸಿಟಿ ಬಸ್ಸು. ಓಣಿ ಎಷ್ಟು ಕಿರಿದೆಂದರೆ ನನ್ನ ಬಾಗಿಲಲ್ಲಿ ನಿಂತರೆ ಎದುರು ಮನೆಯ ಒಗ್ಗರಣೆಗೆ ನಾನು ಸೀನುತ್ತಿದ್ದೆ. ಆ ಎದುರು ಮನೆಯವರೇ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರ ಯಜಮಾನರನ್ನು ನಾನು ಅಣ್ಣ ಎನ್ನುತ್ತಿದ್ದೆ. ಅಣ್ಣ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಾನು ಆ ಓಣಿಗೆ ಬರುವ ಒಂದು ವರ್ಷ ಮೊದಲು ತಗಡಿನ ಚಾವಣಿಯಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಮಂಚ ಹಿಡಿದಿದ್ದರು. ಕೈಗಳಲ್ಲೂ ಬಲ ಅಷ್ಟಕ್ಕಷ್ಟೆ.

ಮಂಚ ಇದ್ದದ್ದು ಪಡಸಾಲೆಯ ಕಿಟಕಿಗೆ ಅಂಟಿಕೊಂಡು. ಕಿಟಕಿಯಾಚೆ ಜಗುಲಿ. ಜಗುಲಿಯ ಮೇಲೆ ಅವರ ಕರಿ ಬೈಕು, ಮೂತಿ ಅವರ ಕಡೆಗೆ.

ಭಾನುವಾರ ಬಂದರೆ ಆ ಮನೆಯಲ್ಲಿ ಪೂಜೆಯಷ್ಟೇ ನೇಮದಿಂದ ಬೈಕಿನ ಕೆಲಸ ನಡೆಯುತ್ತಿತ್ತು. ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಗೋಣಿಚೀಲ ಹಾಸಿ ಕೂರುವರು. ಅಣ್ಣ ಮಲಗಿದಲ್ಲಿಂದಲೇ ಒಂದೊಂದಾಗಿ ಹೇಳುವರು. ಚೈನಿಗೆ ಸೀಮೆಎಣ್ಣೆ ಹಾಕಿ ಉಜ್ಜು, ಒಣಗಲಿ, ಆಮೇಲೆ ಆಯಿಲ್ ಬಿಡು. ಪ್ಲಗ್ ಬಿಚ್ಚಿ ಉಸುಕಿನ ಕಾಗದದಲ್ಲಿ ಒರೆಸು. ಟೈರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾದೀತು, ಗಾಲಿ ಒಂಚೂರು ತಿರುಗಿಸಿ ನಿಲ್ಲಿಸು. ಎಲ್ಲ ಮುಗಿದ ಮೇಲೆ ಕಿಕ್ ಹೊಡೆದು ಹತ್ತು ನಿಮಿಷ ಗಾಡಿ ನಿಂತಲ್ಲೇ ಓಡಬೇಕು. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಎಲ್ಲೋ ಟಕಟಕ ಅಂದರೆ ಬೆರಳೆತ್ತುವರು, ಅಕ್ಕ ತಕ್ಷಣ ಸ್ಪ್ಯಾನರ್ ಎತ್ತಿಕೊಳ್ಳುವರು. ಕೊನೆಗೆ ಅಣ್ಣ ಮೀಟರ್ ಎಷ್ಟಾಗಿದೆ ಎಂದು ಕೇಳುತ್ತಿದ್ದರು. ಅಕ್ಕ ಬಗ್ಗಿ ಮೂವತ್ತೊಂದು ಸಾವಿರದ ಆರುನೂರಾ ನಲವತ್ತು ಎಂದು ಓದುತ್ತಿದ್ದರು. ಹೋದ ವಾರವೂ ಅಷ್ಟೇ, ಅದರ ಹಿಂದಿನ ವಾರವೂ ಅಷ್ಟೇ. ಅಣ್ಣ 'ಹೂಂ' ಅನ್ನುವರು. ಆಗ ಆ ಮನೆಯ ಭಾನುವಾರ ಮುಗಿದಂತೆ.

ನನಗೆ ಮೊದಮೊದಲು ಇದು ತಮಾಷೆಯಾಗಿಯೇ ಕಂಡಿತ್ತು. ಓಡದ ಗಾಡಿಗೆ ಅಷ್ಟೊಂದು ಉಪಚಾರ! ಮೇಲಾಗಿ ಹೊಸ ಹೊಸ ಅಲಂಕಾರ ಬೇರೆ. ಎರಡು ತಿಂಗಳಿಗೊಮ್ಮೆ ಅಣ್ಣನಿಗೆ ಏನಾದರೊಂದು ನೆನಪಾಗುತ್ತಿತ್ತು. ಸೀಟಿಗೆ ಹೊಸ ಕವರ್, ಹ್ಯಾಂಡಲಿಗೆ ಮೆತ್ತನೆಯ ಹಿಡಿಕೆ, ಮುಂದೆ ಕ್ರ್ಯಾಶ್ ಗಾರ್ಡ್. ಕೆಲಸದಿಂದ ಬರುವಾಗ ಅಂಗಡಿಯಿಂದ ತಂದುಕೊಡುವ ಕೆಲಸ ನನ್ನದು. ಒಮ್ಮೆ ಹಿಂದಿನ ಗಾಲಿಗೆ ಸೀರೆ ಗಾರ್ಡ್ ಬೇಕೆಂದರು. ಹಳೆಯದರ ಕಂಬಿ ಒಂದು ಮುರಿದಿತ್ತು. ನಿನ್ನ ಸೆರಗು ಸಿಕ್ಕಿಕೊಂಡೀತು ಎಂದು ಅಕ್ಕನಿಗೆ ಹೇಳಿ ಬಿಗಿಯಾಗಿ ಹಾಕಿಸಿದರು. ಎದ್ದು ಕೂರಲಾಗದ ಮನುಷ್ಯ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುವ ದಿನಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದರು ಎನ್ನುವುದು ಆಮೇಲೆ ನನಗೆ ಹೊಳೆಯಿತು. ನಗು ನಿಂತಿತು.

ಅಕ್ಕನ ಪ್ರಪಂಚ ಮೂರು ಬಾಗಿಲಿನದು. ಹಾಲಿನ ಬೂತು, ದಿನಸಿ ಅಂಗಡಿ, ಔಷಧಿ ಅಂಗಡಿ. ಮನೆಯಲ್ಲೇ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದರು. ಎರಡು ಗಂಟೆಗೊಮ್ಮೆ ಅಣ್ಣನ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬೇರೆಯವರು ಮುಟ್ಟಿದರೆ ಅವರಿಗೆ ಆಗುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದರು. ಓಣಿಯವರೂ ಹಾಗೇ ಹೇಳುತ್ತಿದ್ದರು. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಹೊಗಳಿ, ಅವರವರ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊಗಳುವವರ ಸಾಲಿನಲ್ಲಿ ನಾನೇ ಮುಂದೆ.

ಅಕ್ಕನ ತವರು ಹರಿಹರ. ಹೊಳೆಯ ದಂಡೆಯ ಹತ್ತಿರ ಮನೆ, ಅಲ್ಲಿ ತಾಯಿ ಒಬ್ಬರೇ. ಅಳಿಯ ಬಿದ್ದ ಹೊಸದರಲ್ಲಿ ಒಮ್ಮೆ ಬಂದು ಹೋದವರಿಗೆ ಮತ್ತೆ ಬರಲಾಗಲಿಲ್ಲ, ಕಣ್ಣು ಮಂಜಾಗುತ್ತಾ ಬಂದಿತ್ತು. ಫೋನಿನಲ್ಲಿ ಮಾತಾಡುವಾಗೆಲ್ಲ ಆ ತಾಯಿ ಒಂದೇ ಮಾತು ಹೇಳುತ್ತಿದ್ದರಂತೆ. 'ಪೂರ್ತಿ ಕತ್ಲಾಗೋದ್ರೊಳಗೆ ಒಂದ್ಸಲ ಬಂದು ಮಕ ತೋರ್ಸಿ ಹೋಗವ್ವ.' ಇದನ್ನು ನನಗೆ ಹೇಳುವಾಗ ಅಕ್ಕನ ಕೈಯಲ್ಲಿ ಸೂಜಿ ಇತ್ತು, ಹೊಲಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಬೆಳಗ್ಗೆ ಹೋಗಿ ಕೆಲಸ ಮಾಡಿ ಸಂಜೆ ಬರುವವರು ಎಷ್ಟು ಮಂದಿ! ಆದರೆ ಅಕ್ಕನಿಗೆ ಇದ್ದದ್ದು ಒಂದೂವರೆ ಗಂಟೆ. ಮಧ್ಯಾಹ್ನ ಮಾತ್ರೆ ನುಂಗಿ ಅಣ್ಣ ಎರಡಕ್ಕೆ ಮಲಗಿದರೆ ಮೂರೂವರೆಗೆ ಏಳುತ್ತಿದ್ದರು. ಸಿಟಿ ಬಸ್ಸು ಹಿಡಿದು, ಬಸ್ ಸ್ಟ್ಯಾಂಡಿಗೆ ಹೋಗಿ, ಹರಿಹರದ ಬಸ್ಸು ಹತ್ತಿ, ಇಳಿದು, ಹೊಳೆಯ ತನಕ ನಡೆದು... ಹೋಗುವುದಕ್ಕೇ ಒಂದು ಗಂಟೆಯ ಮೇಲೆ. ಬೈಕಿನಲ್ಲಾದರೆ ಅರ್ಧ ಗಂಟೆ. ಬರಲು ಅರ್ಧ ಗಂಟೆ. ತಾಯಿಯ ಮುಂದೆ ಕೂರಲು ಅರ್ಧ ಗಂಟೆ.

ಈ ಲೆಕ್ಕ ಅಕ್ಕನೇ ಹಾಕಿದ್ದು. ಮದುವೆಯ ಹೊಸದರಲ್ಲಿ ಅಣ್ಣನೇ ಶಾಲೆಯ ಮೈದಾನದಲ್ಲಿ ಅವರಿಗೆ ಗಾಡಿ ಕಲಿಸಿದ್ದರು. ನಾನು ಅಣ್ಣನಿಗೆ ಹೇಳಿಯೇ ಹೋಗಿ ಎಂದೆ. ಹೇಳಿದರೆ ಗಾಡಿಯೂ ಇಲ್ಲ, ಹರಿಹರವೂ ಇಲ್ಲ ಎಂದರು. ಅವರು ನನ್ನಲ್ಲಿ ಕೇಳಿದ್ದು ಇಷ್ಟೇ, ಒಂದು ಬುಧವಾರ ಅರ್ಧ ದಿನ ರಜೆ ಹಾಕಿ ಜಗುಲಿ ಕಾಯಬೇಕು. ಅಣ್ಣ ಎದ್ದು ಕೂಗಿದರೆ ಅಕ್ಕ ಔಷಧಿ ಅಂಗಡಿಗೆ ಹೋಗಿದ್ದಾರೆ ಎನ್ನಬೇಕು.

ಆ ಬುಧವಾರ ಅಕ್ಕ ಮುಂದಿನ ಗಾಲಿಯ ಹತ್ತಿರ ಕೂತು ಮೀಟರಿನ ಕೇಬಲ್ಲು ಬಿಚ್ಚಿದರು. ಬಿಚ್ಚಿದ ತುದಿಯನ್ನು ಫಾಲ್ ಹೊಲಿಯುವ ದಾರದಿಂದಲೇ ಮೇಲಕ್ಕೆ ಕಟ್ಟಿದರು. ಗಾಡಿ ಎಷ್ಟು ಓಡಿದರೂ ಮೀಟರ್ ಕದಲುವುದಿಲ್ಲ. ಅಣ್ಣ ಕಲಿಸಿದ ವಿದ್ಯೆಯಿಂದಲೇ ಅಣ್ಣನ ಕಣ್ಣಿಗೆ ಮಣ್ಣೆರಚಿದ್ದಕ್ಕೆ ನಮಗಿಬ್ಬರಿಗೂ ಒಳಗೊಳಗೇ ಹಿಗ್ಗು. ಶಬ್ದ ಅವರಿಗೆ ಗೊತ್ತಾಗುತ್ತದೆಂದು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋದೆವು. ಅಲ್ಲಿ ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಅಷ್ಟು ಚೆನ್ನಾಗಿ ಇಟ್ಟಿದ್ದರಲ್ಲ.

ನಾನು ಜಗುಲಿಯ ಮೇಲೆ ಕೂತೆ. ಒಳಗೆ ಅಣ್ಣನ ಉಸಿರು ಕೇಳುತ್ತಿತ್ತು. ಗಾಡಿ ಇರಬೇಕಾದ ಕಡೆ ನೆಲದ ಮೇಲೆ ಎರಡು ಎಣ್ಣೆ ಕಲೆ. ಅಷ್ಟು ಹೊತ್ತು ಅಲುಗದೆ ಕೂತಿದ್ದೇ ನನಗೆ ಉಸಿರು ಕಟ್ಟಿಸಿತು. ಕೆಮ್ಮಲೂ ಹೆದರಿಕೆ. ಮೂರೂಕಾಲಿಗೆ ಅಕ್ಕ ಗಾಡಿ ತಳ್ಳಿಕೊಂಡು ಓಣಿಗೆ ಬಂದರು. ಕೂದಲೆಲ್ಲ ಗಾಳಿಗೆ ಕೆದರಿತ್ತು. ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ತಾಯಿ ಮಗಳ ಮುಖ ತಡವಿ ನೋಡಿದ್ದರಂತೆ. ಆಮೇಲೆ ಹೊರಗೆ ಬಂದು ಗಾಡಿಯನ್ನೂ ತಡವಿ, ಅಳಿಯಂದಿರ ಗಾಡಿ ಎಂದು ಗುರುತು ಹಿಡಿದು, ಒಳಗಿಂದ ವಿಭೂತಿ ತರಿಸಿ ಹೆಡ್‌ಲೈಟಿನ ಗಾಜಿಗೆ ಮೂರು ಬೆರಳಿನಿಂದ ಎಳೆದಿದ್ದರು. ಕಣ್ಣು ಕಾಣದ ಕೈಯ ವಿಭೂತಿ ಸೊಟ್ಟಗೆ, ಗಾಜು ದಾಟಿ ಪಕ್ಕದ ಕಬ್ಬಿಣದ ಮೇಲೂ ಹೋಗಿತ್ತು. ನಾನು ಒದ್ದೆ ಬಟ್ಟೆ ಕೊಟ್ಟು ಬೇಗ ಒರೆಸಿರಿ ಎಂದೆ. ಅಕ್ಕ ಗಾಲಿಯ ಧೂಳು ಒರೆಸಿದರು, ಕೇಬಲ್ಲು ಹಾಕಿದರು, ಕಾದ ಎಂಜಿನ್ನಿನ ಮೇಲೆ ಗೋಣಿಚೀಲ ಹೊದಿಸಿದರು. ಹೆಡ್‌ಲೈಟಿಗೆ ಮಾತ್ರ ಕೈ ಹಚ್ಚಲಿಲ್ಲ. 'ಅವ್ವ ಹಚ್ಚಿದ್ದು ನಾ ಹೆಂಗೆ ಒರ್ಸ್ಲಿ ತಂಗಿ?' ಎಂದು ಹ್ಯಾಂಡಲನ್ನು ಗೋಡೆಯ ಕಡೆ ತಿರುಗಿಸಿ ಲಾಕ್ ಮಾಡಿದರು.

ಭಾನುವಾರ ಬಂತು. ನಾನು ಬಾಗಿಲಲ್ಲೇ ಇದ್ದೆ. ಚೈನು, ಪ್ಲಗ್ಗು, ಟೈರು, ಎಲ್ಲ ಎಂದಿನಂತೆ. ತೊಳೆಯುವಾಗ ಅಕ್ಕ ಹೆಡ್‌ಲೈಟಿನ ಹತ್ತಿರ ಬಂದು ಬಟ್ಟೆ ಹಿಂಡಿ ಪಕ್ಕಕ್ಕಿಟ್ಟರು. ಹ್ಯಾಂಡಲ್ ಈ ಕಡೆ ತಿರುಗಿಸಲು ಅಣ್ಣ ಹೇಳಿದರು. ತಿರುಗಿಸಿದರು. ಅಣ್ಣ ಬಹಳ ಹೊತ್ತು ಆ ಮೂರು ಗೆರೆ ನೋಡಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

'ಹೊಳ್ಯಾಗ ನೀರು ಐತೇನು?' ಎಂದರು.

'ಐತ್ರಿ. ದಂಡೆ ಮಟ ಐತೆ.'

'ಅವ್ವಗೆ ಕಣ್ಣು?'

'ಇಲ್ರಿ. ತಡವಿ ನೋಡಿದ್ಲು.'

ಅಣ್ಣ ಕಿಟಕಿಯ ಸರಳು ಹಿಡಿದುಕೊಂಡರು. ದನಿ ಏರಿಸದೆ, ಎರಡೂ ಗಾಲಿ ಬಿಚ್ಚಿ ಅಟ್ಟಕ್ಕೆ ಹಾಕು ಎಂದರು.

ಅಕ್ಕ ಇಟ್ಟಿಗೆ ತಂದರು, ನನ್ನನ್ನು ಕರೆದು ಗಾಡಿ ಹಿಡಿದುಕೊಳ್ಳಲು ಹೇಳಿದರು. ನಾನು ಹಿಡಿದುಕೊಂಡೆ. ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. ಅವರು ಮೊದಲು ಮುಂದಿನ ಗಾಲಿ ಬಿಚ್ಚಿದರು, ಆಮೇಲೆ ಹಿಂದಿನದು. ಆಗಲೂ ಅಣ್ಣ ಒಳಗಿನಿಂದ ಹೇಳುತ್ತಲೇ ಇದ್ದರು, ನಟ್ಟಿಗೆ ಗ್ರೀಸ್ ಹಚ್ಚಿ ಡಬ್ಬಿಯಲ್ಲಿ ಹಾಕು, ತುಕ್ಕು ಹಿಡಿದೀತು. ಅಕ್ಕ ಒಂದೊಂದು ನಟ್ಟಿಗೂ ಗ್ರೀಸ್ ಹಚ್ಚಿದರು. ತಮ್ಮ ಕಾಲಿಗೆ ತಾವೇ ಬೇಡಿ ಹಾಕಿಕೊಳ್ಳುವಾಗಲೂ ಕೆಲಸದಲ್ಲಿ ಕಸರು ಬಿಡದ ಆ ಹೆಂಗಸಿನ ಮೇಲೆ ನನಗೆ ಆ ಕ್ಷಣ ಸಿಟ್ಟೇ ಬಂತು. ಮೂರೂ ಜನ ಆ ದಿನ ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಐದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಹರಿಹರದಿಂದ ಫೋನು ಬಂತು. ಅಕ್ಕನ ತಾಯಿ ತೀರಿಹೋಗಿದ್ದರು. ನಾನು ಕೆಲಸಕ್ಕೆ ಹೊರಟವಳು ಅಕ್ಕನ ಮುಖ ನೋಡಿ ಒಳಗೆ ಹೋದೆ. ಅಕ್ಕ ಅಣ್ಣನ ಮಂಚದ ಪಕ್ಕ ನಿಂತಿದ್ದರು, ಹೋಗಲೋ ಬೇಡವೋ ಎನ್ನುವ ಹಾಗೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ, ನಾನು ಕೂತಿರುತ್ತೇನೆ, ನೀವು ಹೋಗಿ ಎಂದೆ. ಎಂದು ಅಣ್ಣನ ಕಡೆ ನೋಡಿದೆ.

'ಕೂಡ್ರಿ' ಎಂದರು ಅಣ್ಣ. ಅಷ್ಟೇ.

ಅಕ್ಕ ಬಸ್ಸಿಗೆ ಹೋದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಮಗ್ಗುಲು ಬದಲಿಸುವ ಹೊತ್ತಿಗೆ ಎಲ್ಲಿ ಹಿಡಿಯಬೇಕೆಂದು ನನಗೆ ತಿಳಿಯಲಿಲ್ಲ. ಅಣ್ಣ ಬೈಕಿಗೆ ಹೇಳುತ್ತಿದ್ದ ಹಾಗೆಯೇ ಹೇಳಿಕೊಟ್ಟರು, ಮೊದಲು ಮೊಣಕಾಲು ಮಡಚಿ, ಆಮೇಲೆ ಹಾಸಿಗೆಯ ಬಟ್ಟೆ ಹಿಡಿದು ಎಳೆಯಿರಿ, ಬೆನ್ನಿಗೆ ದಿಂಬು ಕೊಡಿ. ಎರಡು ನಿಮಿಷದ ಕೆಲಸ. ನೀರು ಕುಡಿಸಿದೆ, ಗಂಜಿ ಕುಡಿಸಿದೆ. ಆಮೇಲೆ ತಡೆಯಲಾರದೆ ಕೇಳಿದೆ, ಬೇರೆಯವರು ಮುಟ್ಟಿದರೆ ನಿಮಗೆ ಆಗುವುದಿಲ್ಲ ಅನ್ನುತ್ತಿದ್ದರಲ್ಲ?

'ಮೊದಲ್ನೇ ವರ್ಷ ಆಗ್ತಿರ್ಲಿಲ್ಲ. ನಾಚ್ಕಿ' ಎಂದರು. ಇಟ್ಟಿಗೆಯ ಮೇಲೆ ಕೂತ ಗಾಡಿಯನ್ನು ನೋಡುತ್ತಾ ಮುಂದುವರಿಸಿದರು. 'ಆಮೇಲೆ ಯಾರೂ ಕೇಳ್ಲಿಲ್ಲ.'

ನಾನು ಕೇಳದೆಯೇ, ಅಕ್ಕ ರಸ್ತೆಯಲ್ಲಿ ಬಿದ್ದು ಗಿದ್ದರೆ ಎಂದು ಹೆದರಿ ಗಾಲಿ ಬಿಚ್ಚಿಸಿದೆ ಎಂದರು. ಮಗ್ಗುಲು ತಿರುಗಿ ಮುಖ ಮರೆಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ, ನಾನೇ ಎದ್ದು ಹೊರಗೆ ಹೋದೆ.

ಅಕ್ಕ ಮಣ್ಣು ಮುಗಿಸಿಕೊಂಡು ಸಂಜೆ ಬಂದು, ಸ್ನಾನ ಮಾಡಿ ಜಗುಲಿಯ ಮೇಲೆ ಕೂತಾಗ, ಯಾರೂ ಕೇಳಲಿಲ್ಲ ಎಂದು ಅಣ್ಣ ಅಂದದ್ದನ್ನು ಹೇಳಿದೆ. ಹೇಳಬಾರದಿತ್ತೇನೋ... ಅವರು ಒದ್ದೆ ಕೂದಲು ಹಿಂಡಿ ಗಂಟು ಹಾಕಿಕೊಂಡರು. 'ನಾನೂ ಕೇಳ್ಲಿಲ್ಲ ನೋಡು ತಂಗಿ' ಎಂದರು.

ಆಮೇಲೆ ನಾನು ಆ ಓಣಿ ಬಿಡುವ ತನಕ ಪ್ರತಿ ಭಾನುವಾರ ಹೋಗಿ ಅಣ್ಣನ ಹತ್ತಿರ ಕೂರುತ್ತಿದ್ದೆ. ಎಲ್ಲಾದರೂ ಹೋಗಿ ಬನ್ನಿ ಅಕ್ಕಾ ಎನ್ನುತ್ತಿದ್ದೆ. ಅವರು ಚಪ್ಪಲಿ ಮೆಟ್ಟಿ, ಓಣಿಯ ತುದಿಯವರೆಗೆ ಹೋಗಿ, ವಾಪಸು ಬಂದು ನನ್ನ ಎದುರಿಗೇ ಕೂರುತ್ತಿದ್ದರು. ಹೋಗಲು ಅವರಿಗೆ ಇದ್ದದ್ದು ಒಂದೇ ಮನೆ.

ಈಗ ಇಬ್ಬರೂ ಇಲ್ಲ. ಅಣ್ಣ ಮೊದಲು ಹೋದರು, ಅಕ್ಕ ಹೋದ ವರ್ಷ. ನನಗೆ ಸುದ್ದಿ ತಿಳಿದದ್ದು ಎರಡು ತಿಂಗಳ ಮೇಲೆ. ಈಚೆಗೆ ಹರಿಹರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಬೇಕೆಂದೇ ನಿಟ್ಟುವಳ್ಳಿಗೆ ಹೋಗಿ, ಅಲ್ಲಿಂದಲೇ ಸಿಟಿ ಬಸ್ಸು ಹಿಡಿದು, ಹರಿಹರದ ಬಸ್ಸು ಹತ್ತಿ, ಇಳಿದು ಹೊಳೆಯ ತನಕ ನಡೆದೆ. ಹೋಗಿ ಬರಲು, ನಡುವೆ ಅರ್ಧ ಗಂಟೆ ಒಬ್ಬರ ಮುಂದೆ ಕೂರಲು, ಒಟ್ಟು ಮೂರು ಗಂಟೆ ಸಾಕು. ಅಷ್ಟು ಹೊತ್ತು ನಾನು ಆ ಕುರ್ಚಿಯಲ್ಲಿ ಕೂತಿದ್ದರೆ ಆಗುತ್ತಿತ್ತು. ಅಕ್ಕನ ತಾಯಿ ಬದುಕಿದ್ದಷ್ಟು ದಿನವೂ ನಾನು ಎದುರು ಮನೆಯಲ್ಲೇ ಇದ್ದೆ.