ಜೋಳದ ಹಿಟ್ಟಿನ ನಾನಕಟಾಯಿ

ನಮ್ಮ ಅಂಕಲಿಯಲ್ಲಿ ಬ್ರೆಡ್ ಎಂದರೆ ಕಾಯಿಲೆಯವರ ಊಟ. ನಿಪ್ಪಾಣಿಯ ಬೇಕರಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನು ಬ್ರೆಡ್ ಹಿಡಿದುಕೊಂಡು ಊರಿಗೆ ಬಂದರೆ ಓಣಿಯವರು ಗಾಬರಿಯಿಂದ, "ಯಾರಿಗಿ ಆರಾಮಿಲ್ಲೋ?" ಎನ್ನುತ್ತಿದ್ದರು. ಅವ್ವ ಅದನ್ನು ಜ್ವರ ಬಂದವರ ಮನೆ ಹುಡುಕಿ ಕೊಟ್ಟುಬರುತ್ತಿದ್ದಳು. ಅಪ್ಪನಂತೂ ಮುಟ್ಟುತ್ತಲೇ ಇರಲಿಲ್ಲ.

"ಮೈದಾ ಅಂದ್ರ ಗ್ವಾಡಿಗಿ ಪೋಸ್ಟರ್ ಹಚ್ಚೂ ಹಿಟ್ಟು. ಅದನ್ನ ತಿಂತಾರೇನಲೇ?" ಎಂದು ಎಮ್ಮೆಯ ಕಡೆ ಹೋಗಿಬಿಡುತ್ತಿದ್ದ. ಹೊಲ ಬಿಟ್ಟು ಹಿಟ್ಟು ನಾದಲು ಹೋದ ಮಗ ಅವನ ಲೆಕ್ಕದಲ್ಲಿ ಕೆಟ್ಟುಹೋದವನು.

ತೊಂಬತ್ತರ ದಶಕದ ಆರಂಭದಲ್ಲಿ ಚಿಕ್ಕೋಡಿಯಲ್ಲಿ ನನ್ನದೇ ಸಣ್ಣ ಬೇಕರಿ ಭಟ್ಟಿ ಕಟ್ಟಿಸಿದೆ. ಸಂತೆಗೆ ಬಂದ ಅಪ್ಪ ಅಂಗಡಿಯ ಮುಂದೆಯೇ ಹಾದುಹೋಗುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಊರೆಲ್ಲ ತಿಂದು ಹೊಗಳಿದರೂ ಅಪ್ಪ ಒಂದು ತುಣುಕು ಬಾಯಿಗೆ ಹಾಕದ ಮೇಲೆ ನಾನೆಂಥ ಬೇಕರಿಯವನು?

ನಮ್ಮ ಕಡೆ ದೀಪಾವಳಿ ಬಂತೆಂದರೆ ಹೆಣ್ಣುಮಕ್ಕಳು ಹಿಟ್ಟು, ಸಕ್ಕರೆ, ತುಪ್ಪದ ಡಬ್ಬಿ ತಂದು ಭಟ್ಟಿಯ ಮುಂದೆ ಕೂರುತ್ತಾರೆ. ಅವರವರ ಸಾಮಾನಿನಲ್ಲೇ ಅವರವರ ನಾನಕಟಾಯಿ ಬಿಸ್ಕತ್ತು ಮಾಡಿಕೊಡಬೇಕು. ಗಿರಾಕಿಯ ಹಿಟ್ಟಿಗೆ ನಮ್ಮ ಹಿಟ್ಟು ಚಿಟಿಕೆಯಷ್ಟೂ ಬೀಳಬಾರದು ಎಂಬುದು ನಿಪ್ಪಾಣಿಯ ಉಸ್ತಾದರು ನನಗೆ ಮೊದಲು ಕಲಿಸಿದ ಪಾಠ.

ಆ ಹೆಂಗಸರ ಸಾಲಿನಲ್ಲಿ ಒಂದು ಮಧ್ಯಾಹ್ನ ಅಪ್ಪ ಬಂದು ಕೂತಿದ್ದ, ತೊಡೆಯ ಮೇಲೆ ಡಬ್ಬಿಗಳು.

"ಹೊಲದ ಜ್ವಾಳದ ಹಿಟ್ಟು, ಮನಿ ತುಪ್ಪ. ಇದರಾಗ ಮಾಡು. ಆಮ್ಯಾಲ ನೋಡೂಣು ನಿನ್ನ ಬಿಸ್ಕೀಟ."

ಹೆಂಗಸರು ಸೆರಗಿನಲ್ಲಿ ನಕ್ಕರು. ಒಬ್ಬಾಕೆ ತಡೆಯಲಾರದೆ, "ಒಂದ್ ಹಿಡಿ ಮೈದಾ ಹಾಕಸ್ರಿ ಕಾಕಾ. ಬರೇ ಜ್ವಾಳದ್ದು ನಿಲ್ಲೂದಿಲ್ರಿ," ಎಂದಳು.

"ನಮ್ಮನಿ ಜ್ವಾಳ ನಿಲ್ತೈತಿ," ಎಂದ ಅಪ್ಪ.

ಜೋಳಕ್ಕೆ ಬಿಸಿನೀರಿನಲ್ಲಿ ಜಿಗುಟು ಬರುತ್ತದೆ, ತುಪ್ಪದಲ್ಲಿ ಬರುವುದಿಲ್ಲ. ಅಷ್ಟು ವರ್ಷ ಕಾದ ಮೇಲೆ ಅಪ್ಪ ನನ್ನ ಕೈಯ ತಿಂಡಿ ತಿನ್ನಲು ಬಂದಿದ್ದಾನೆ, ಅದೂ ಪುಡಿಯಾದರೆ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ನನ್ನ ಕೈ ಮೈದಾ ಚೀಲದೊಳಗೆ ಹೋಯಿತು. ಅಪ್ಪ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದ. ಉಸ್ತಾದರನ್ನು ಬೈದುಕೊಳ್ಳುತ್ತ ಬರಿಗೈ ಹೊರಗೆ ತೆಗೆದೆ.

ಭಟ್ಟಿಯಿಂದ ತಟ್ಟೆ ಎಳೆದಾಗ ಒಂದೂ ಇಡಿಯಾಗಿ ಉಳಿದಿರಲಿಲ್ಲ. ಘಮ ಮಾತ್ರ ಚೆನ್ನಾಗಿತ್ತು. ಅಪ್ಪ ಬಗ್ಗಿ ತಟ್ಟೆ ನೋಡಿದ.

"ಆಕಿ ಹೇಳಿದಂಗ ಮೈದಾ ಹಾಕಿದ್ರ ನಿಲ್ತಿತ್ತೇನ?"

"ನಿಲ್ತಿತ್ತು."

"ಮತ್ತ್ಯಾಕ ಹಾಕಲಿಲ್ಲ? ನಾ ಏನ್ ನೋಡಾಕತ್ತಿದ್ನೇನ?"

"ನೀ ತಂದದ್ದು ಜ್ವಾಳ. ಕೇಳದ ಹೆಂಗ ಬೆರಸ್ಲಿ?"

ಅಪ್ಪ ಪುಡಿಯನ್ನೇ ಹಿಡಿ ಹಿಡಿಯಾಗಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ತಿಂದ. ಉಳಿದದ್ದನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೊಸ್ತಿಲು ದಾಟಿದವನು ತಿರುಗಿ ಬಂದ.

"ಒಂದ್ ಬ್ರೆಡ್ ಕೊಡು."

"ಯಾರಿಗಿ ಆರಾಮಿಲ್ಲಪಾ?"

"ಎಲ್ಲಾರೂ ಆರಾಮ ಅದಾರ," ಎಂದ ಅಪ್ಪ. "ನನಗ ತಿನ್ನಾಕ."